ಅವ ಇರೋತನಕ

ದನದ ಮನೆಯ ಹೊಸ್ತಿಲು ಗೇಣೆತ್ತರವೂ ಇರಲಿಲ್ಲ. ಸೊಸೆಯಾಗಿ ಇಂಗಳೇಶ್ವರಕ್ಕೆ ಬಂದ ದಿನದಿಂದ ರೇವವ್ವ ಅದನ್ನು ದಾಟಿದ್ದಾಳೆ. ಬಸುರಿಯಿದ್ದಾಗ ದಾಟಿದ್ದಾಳೆ, ತಲೆಯ ಮೇಲೆ ಮೇವಿನ ಹೊರೆ ಹೊತ್ತು ದಾಟಿದ್ದಾಳೆ, ಅತ್ತೆಯ ಬೈಗುಳ ಬೆನ್ನಟ್ಟಿ ಬರುವಾಗ ಓಡಿ ದಾಟಿದ್ದಾಳೆ. ಅಲ್ಲೊಂದು ಹೊಸ್ತಿಲಿದೆ ಎಂಬುದೇ ಅವಳ ಲಕ್ಷ್ಯದಲ್ಲಿರಲಿಲ್ಲ. ಇವತ್ತು ಬೆಳಗ್ಗೆ ಹಾಲಿನ ಚರಿಗೆ ಹಿಡಿದು ಅದರ ಎದುರು ನಿಂತವಳಿಗೆ ಯಾವ ಕಾಲು ಮುಂದಿಡಬೇಕೆಂದು ತಿಳಿಯಲಿಲ್ಲ. ಬಲಗಾಲು ಎತ್ತಿದರೆ ಮೈಭಾರವೆಲ್ಲ ಎಡಗಾಲಿನ ಮೇಲೆ, ಎಡಗಾಲು ಎತ್ತಿದರೆ ಬಲಗಾಲಿನ ಮೇಲೆ. ಆಚೆ ನೆಲ ಒದ್ದೆಯಾಗಿತ್ತು, ಸೆಗಣಿ ಕದಡಿ ಜಾರುವಂತಿತ್ತು. ಬಿದ್ದರೆ ಟೊಂಕ. ಟೊಂಕ ಹೋದರೆ ಹಾಸಿಗೆ. ಹಾಸಿಗೆ ಹಿಡಿದ ಹೆಂಗಸನ್ನು ಮನೆಯವರು ಎಷ್ಟು ದಿನ ಬೇಸರವಿಲ್ಲದೆ ನೋಡುತ್ತಾರೆ ಎಂಬುದನ್ನು ಅವಳು ಓಣಿಯಲ್ಲಿ ಕಂಡಿದ್ದಳು. ಪಡಸಾಲೆಯಲ್ಲಿ ಗಂಡ ಸಿದ್ದರಾಯ ಬೇವಿನಕಡ್ಡಿ ಅಗಿಯುತ್ತ ಕೂತಿದ್ದ. ಅವನು ಇತ್ತ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಅವಳು ಬಾಗಿಲ ಚೌಕಟ್ಟನ್ನು ತಬ್ಬಿ ಹಿಡಿದು, ಹರಿಯುವ ಹಳ್ಳ ದಾಟುವವರಂತೆ ಒಂದೊಂದೇ ಕಾಲು ಎತ್ತಿ ಆಚೆ ಇಟ್ಟಳು. ಎಮ್ಮೆ ನೊಣ ಹೊಡೆಯಲು ಬಾಲ ಬೀಸಿತು. ಅಷ್ಟಕ್ಕೇ ಬೆಚ್ಚಿ ಗೋಡೆಗೆ ಒರಗಿದಳು. ತಾನೇ ಕೈಹಾಕಿ ಎಳೆದು ಹುಟ್ಟಿಸಿದ ಎಮ್ಮೆ, ಅದಕ್ಕೇ ಹೆದರುವ ಹಣೆಬರಹ ಬಂತಲ್ಲ ಎಂದು ನಾಚಿಕೆಯಾಯಿತು. ನಿನ್ನೆಯಷ್ಟೇ ಪಟ್ಟಿ ಬಿಚ್ಚಿದ ಎಡಗೈ ಬೇರೆ ಯಾರದೋ ಕೈಯಂತೆ ಬೆಳ್ಳಗೆ, ಸಣ್ಣಗೆ ಕಾಣುತ್ತಿತ್ತು. ಅದರಿಂದ ಹಿಂಡಲು ಧೈರ್ಯ ಸಾಲದೆ ಒಂದೇ ಕೈಯಲ್ಲಿ ಹಿಂಡಿದಳು.

"ಎಲ್ಲಾ ತಿಂತಾಳ್ರಿ" ಅಂದಿದ್ದ ಅವನು ನಿನ್ನೆ. ಬಸವನ ಬಾಗೇವಾಡಿಯ ಡಾಕ್ಟರು ರಾಮಚಂದ್ರರಾಯರು, ಬಿಜಾಪುರದಲ್ಲಿ ತೆಗೆಸಿಕೊಂಡು ಬಂದಿದ್ದ ಎಲುಬಿನ ಫೋಟೊವನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ್ದರು. ಕಪ್ಪು ಹಾಳೆಯ ಮೇಲೆ ಮಸಕು ಮಸಕಾಗಿ ಕಾಣುತ್ತಿದ್ದುದು ತನ್ನ ಬೆನ್ನು ಎಂದು ತಿಳಿದಾಗ ರೇವವ್ವನಿಗೆ ಎಲ್ಲಿಲ್ಲದ ಸಂಕೋಚವಾಗಿ, ಹೊದ್ದ ಸೆರಗನ್ನೇ ಇನ್ನಷ್ಟು ಎಳೆದುಕೊಂಡಳು. "ನಲವತ್ತರ ಹೆಣ್ಮಗಳ ಎಲುಬಲ್ಲ ಇವು," ಅಂದರು ಡಾಕ್ಟರು. "ಜೋಳದ ದಂಟಿನ್ಹಾಂಗ ಒಳಗ ಬೆಂಡಾಗ್ಯಾವ. ಬರೇ ಕೊಡ ಎತ್ತಲಿಕ್ಕೆ ಹೋಗಿ ಮುಂಗೈ ಮುರೀತಂದ್ರ ಅವಾಗೇ ತಿಳೀಬೇಕಿತ್ತು. ಇನ್ನೊಮ್ಮೆ ಬಿದ್ರ ಟೊಂಕ. ಅದು ಮುರದ್ರ ಏಳೂದು ಕಠಿಣ ಅದ ನೋಡ್ರಿ." ಆಮೇಲೆ ಕನ್ನಡಕದ ಮೇಲಿಂದ ಅವಳನ್ನೇ ನೋಡಿ, "ಏನು ಊಟ ಮಾಡ್ತೀರಿ? ಹಾಲು, ಮೊಸರು?" ಎಂದು ಕೇಳಿದರು. ಅವಳು ಬಾಯಿ ತೆರೆಯುವುದರೊಳಗೆ ಸಿದ್ದರಾಯ, "ಎಲ್ಲಾ ತಿಂತಾಳ್ರಿ ಸಾಹೇಬ್ರ" ಅಂದುಬಿಟ್ಟ. ಮನೆಯಲ್ಲಿ ಹೈನ ಇದೆಯೇ ಎಂದು ಕೇಳಿದರೆ "ಮೂರು ಎಮ್ಮಿ ಅದಾವ್ರಿ" ಎಂದ, ಹೆಮ್ಮೆಯಿಂದಲೇ. ಡಾಕ್ಟರಿಗೆ ಗೋಜಲಾಯಿತು. "ಹಾಲು ಮೊಸರು ಮುಟ್ಟದೇ ಇದ್ದವ್ರ ಎಲುಬು ಹಿಂಗಾಗೂದು ನೋಡೇನಿ. ಅಂಥವ್ರೂ ಎಳ್ಳು, ಕಾಳು, ತಪ್ಪಲ ಪಲ್ಯ ಹೊಟ್ಟಿ ತುಂಬ ತಿಂದ್ರ ಸಂಭಾಳಿಸ್ಕೋತಾರ. ಎಲ್ಲಾ ತಿನ್ನೋರಿಗೆ ಹಿಂಗ್ಯಾಕ?" ಎಂದು ತಮ್ಮಷ್ಟಕ್ಕೇ ಅಂದುಕೊಂಡರು. ರೇವವ್ವ ಗಂಡನ ಮುಖ ನೋಡಿದಳು. ಅವನು ಗೋಡೆಯ ಮೇಲಿನ ಕ್ಯಾಲೆಂಡರು ನೋಡುತ್ತಿದ್ದ. ಹೊಟ್ಟೆ ತುಂಬ ಎಂದರೆ ಏನೆಂದು ಅವಳು ಡಾಕ್ಟರಿಗೆ ಹೇಳಬಹುದಿತ್ತು. ಗಂಡ ಉಂಡು, ಆಳು ಉಂಡು, ಪಲ್ಯದ ಗಡಿಗೆಯ ತಳ ಕೆರೆದ ಮೇಲೆ ಉಳಿದ ರೊಟ್ಟಿ, ಅದರ ಮೇಲೆ ನೀರಲ್ಲಿ ಕಲಸಿದ ಖಾರ. ಹೇಳಲಿಲ್ಲ. ಹೇಳಿದರೆ ಗಂಡ ಸುಳ್ಳು ಹೇಳಿದ್ದು ಬಯಲಾಗುತ್ತಿತ್ತು, ಬೇರೆಯವರ ಮುಂದೆ ಅವನ ಮರ್ಯಾದೆ ತೆಗೆದ ಹಾಗಾಗುತ್ತಿತ್ತು. ತನ್ನ ಎಲುಬಿಗಿಂತ ಅದೇ ದೊಡ್ಡದೆಂದು ಆ ಗಳಿಗೆಯಲ್ಲಿ ಅನಿಸಿತ್ತು. ಹೇಳಬೇಕಿತ್ತೇನೋ ಎಂದು ಅನಿಸಿದ್ದು ಆಮೇಲೆ, ತಿರುಗಿ ಬರುವ ಬಸ್ಸಿನಲ್ಲಿ.

ರಾಜ್ಯದ ಹೆಸರು ಬದಲಾಗಿ ವರ್ಷ ಕಳೆದಿದ್ದರೂ ಬಸ್ಸಿನ ಪಕ್ಕೆಯ ಮೇಲೆ ಹಳೆಯ ಹೆಸರು ಬಣ್ಣದಡಿಯಿಂದ ಇಣುಕುತ್ತಿತ್ತು. ಹತ್ತುವ ಮೆಟ್ಟಿಲು ಎತ್ತರ. ಸದಾ ಹತ್ತು ಮಾರು ಮುಂದೆ ನಡೆಯುವ ಸಿದ್ದರಾಯ ನಿನ್ನೆ ನಿಂತು, ತಿರುಗಿ, ಕೈ ಚಾಚಿದ. ಮದುವೆಯಾದ ಮೇಲೆ ನಾಲ್ಕು ಮಂದಿಯ ಎದುರು ಅವನು ಅವಳಿಗೆ ಕೈ ಕೊಟ್ಟದ್ದೇ ಇಲ್ಲ. ಅವಳು ಹಿಡಿಯಬೇಕು ಅನ್ನುವಷ್ಟರಲ್ಲಿ ಹಿಂದಿನವನ್ಯಾರೋ ನಕ್ಕ ಹಾಗಾಗಿ, ಚಾಚಿದ ಕೈಯಿಂದಲೇ ಅವನು ಮೀಸೆ ಒರೆಸಿಕೊಂಡ. ದಾರಿಯುದ್ದಕ್ಕೂ ನಾಲತವಾಡದ ಸಂತೆಯಲ್ಲಿ ಎಮ್ಮೆಯ ಧಾರಣೆ ಹೇಗಿದೆ, ಆಳು ಹೇಗೆ ಕೆಲಸಗಳ್ಳನಾಗಿದ್ದಾನೆ ಎಂದೆಲ್ಲ ಮಾತಾಡಿದ. ಡಾಕ್ಟರ ಮಾತು ಎತ್ತಲಿಲ್ಲ. ಅವಳ ಮಡಿಲಲ್ಲಿ ಗುಳಿಗೆಯ ಪೊಟ್ಟಣವಿತ್ತು. ಅದನ್ನು ಕೊಡುವಾಗ ಕಂಪೌಂಡರ್ ಪರಪ್ಪ, "ಸುಣ್ಣದ ಗುಳಿಗಿ, ದಿನಾ ಎರಡು. ಇದರ ಮ್ಯಾಲ ಹಾಲು ಬೇಕೇ ಬೇಕು ಅಂದಾರ" ಎಂದಿದ್ದ. ಇದನ್ನು ಯಾತರಿಂದ ಮಾಡುತ್ತಾರೆಂದು ಅವಳು ಪಿಸುದನಿಯಲ್ಲಿ ಕೇಳಿದ್ದಳು. "ಸಮುದ್ರದ ಸಿಂಪಿ ಅರದು ಮಾಡ್ತಾರವ್ವ. ಕೆಲವೊಂದರಾಗ ಎಲುಬಿನ ಪುಡಿನೂ ಇರ್ತೈತಂತ. ಯಾಕ?" ಏನಿಲ್ಲವೆಂದು ತಲೆಯಾಡಿಸಿ ಬಂದಿದ್ದಳು. ಸಮುದ್ರವನ್ನು ಅವಳು ಕಂಡವಳಲ್ಲ. ಸಿಂಪಿಯೊಳಗೆ ಒಂದು ಹುಳ ಇರುತ್ತದಂತೆ. ಆ ಹುಳಕ್ಕೆ ಕಾಲು ಇರುತ್ತವೆಯೇ, ಇಲ್ಲವೇ? ಇಂಗಳೇಶ್ವರ ಬರುವತನಕ ಅವಳ ತಲೆಯಲ್ಲಿ ಇದೊಂದೇ ಪ್ರಶ್ನೆ. ನಗುವಂಥ ಪ್ರಶ್ನೆಯೇ, ಆದರೆ ಅವಳ ಪಾಲಿಗೆ ಒಂದು ಜೀವ ಅದರ ಮೇಲೆ ನಿಂತಿತ್ತು.

ಏಕೆಂದರೆ ಅತ್ತೆ ಹುಚ್ಚವ್ವ ಹರಕೆಯಲ್ಲಿ ಅಂದದ್ದು ಕಾಲಿನ ಮಾತನ್ನೇ. ಮಗಳು ಸಾತವ್ವ ಇನ್ನೂ ಮೊಲೆ ಬಿಟ್ಟಿರದ ವರ್ಷ ಊರಿಗೆ ವಾಂತಿಭೇದಿ ಬಂದು, ಸಿದ್ದರಾಯ ಬೆಳಗಾಗುವುದರೊಳಗೆ ಗುರುತು ಸಿಗದಂತೆ ಬತ್ತಿಹೋಗಿದ್ದ. ಕಣ್ಣು ಒಳಗೆ ಸೇರಿ, ಬೆರಳ ತುದಿ ಸುಕ್ಕಾಗಿ, ದನಿ ಎಲ್ಲೋ ಬಾವಿಯಿಂದ ಬಂದ ಹಾಗೆ. ಹುಚ್ಚವ್ವ ಮನೆದೇವರು ಅಮೋಘಸಿದ್ಧನ ಜಗುಲಿಯ ಮುಂದೆ ಕೂದಲು ಕೆದರಿಕೊಂಡು ಕೂತಿದ್ದಳು. ಕೂಸಿಗೆ ಹಾಲೂಡುತ್ತಿದ್ದ ರೇವವ್ವನನ್ನು ರಟ್ಟೆ ಹಿಡಿದು ಎಬ್ಬಿಸಿ, ದೇವರ ಅರಿಶಿನದ ಭಂಡಾರವನ್ನು ಚಿಟಿಕೆ ತುಂಬ ಎತ್ತಿ ಅವಳ ನಾಲಗೆಯ ಮೇಲೆ ಇಟ್ಟಳು. "ಇಕಿ ಬಾಯಿ ಇನ್ನ ನಿಂದಪ್ಪ. ನನ್ನ ಮಗ ಉಳದ್ರ, ಅವ ಇರೋತನಕ ಇಕಿ ಕಾಲಿದ್ದದ್ದರದು ಏನೂ ಬಾಯಿಗೆ ಹಾಕೂದಿಲ್ಲ. ಹಾಲಿಲ್ಲ, ಮಸರಿಲ್ಲ, ತುಪ್ಪಿಲ್ಲ, ಖಂಡ ಇಲ್ಲ, ತತ್ತಿ ಇಲ್ಲ. ಹಾಕಿದ ದಿನ ನೀ ಕೊಟ್ಟದ್ದನ್ನ ನೀ ತಗೋ." ಆ ದೇವರ ಒಕ್ಕಲಿನ ಮನೆತನಗಳಲ್ಲಿ ಹರಕೆ ಹೊರುವುದೇನೂ ಹೊಸದಲ್ಲ. ಒಬ್ಬರಿಗಾಗಿ ಇನ್ನೊಬ್ಬರ ಬಾಯಿ ಕಟ್ಟಿಸುವುದೂ ನಡೆದದ್ದೇ. ಆದರೆ ಅದಕ್ಕೊಂದು ಅವಧಿ ಹೇಳುತ್ತಾರೆ, ಬರುವ ದೀಪಾವಳಿಯತನಕ, ಕೂಸಿನ ಜವಳ ತೆಗೆಯುವತನಕ. ಹುಚ್ಚವ್ವ ಗಾಬರಿಯಲ್ಲಿ ಮಗನ ಆಯುಷ್ಯವನ್ನೇ ಅವಧಿ ಮಾಡಿಬಿಟ್ಟಳು. ಸಂಜೆಯ ಹೊತ್ತಿಗೆ ಸಿದ್ದರಾಯ ನೀರು ಕೇಳಿದ, ಮರುದಿನ ಗಂಜಿ ಕುಡಿದ. ಇನ್ನು ಆ ಮಾತನ್ನು ತಿದ್ದುವವರು ಯಾರು? ಭಂಡಾರದ ಒಗರು ಹಲವು ದಿನ ರೇವವ್ವನ ನಾಲಗೆಯ ಮೇಲೆ ಉಳಿದಿತ್ತು.

ಮೊದಮೊದಲು ಅದು ಭಾರವೆಂದು ಅನಿಸಿರಲೂ ಇಲ್ಲ. ಗಂಡ ಉಳಿದ ಸಂತೋಷವೇ ಹೊಟ್ಟೆ ತುಂಬಿಸುತ್ತಿತ್ತು. ಊರ ಹೆಂಗಸರು ಅವಳನ್ನು ಕಂಡರೆ ದಾರಿ ಬಿಟ್ಟರು, ಮೈಗೆ ಹುಷಾರಿಲ್ಲದ ಕೂಸುಗಳನ್ನು ತಂದು ಅವಳ ಕೈಯಿಂದ ಮುಟ್ಟಿಸಿಕೊಂಡು ಹೋದರು. ಮಾತೆತ್ತಿದರೆ ಕೈ ಎತ್ತುತ್ತಿದ್ದ ಅತ್ತೆ ಅವಳ ಮೈಮುಟ್ಟುವುದನ್ನೇ ಬಿಟ್ಟಳು. ಅದೊಂದು ಲಾಭ. ಹಿಂಡುವವಳು ಅವಳು, ಕಾಸುವವಳು ಅವಳು, ಹೆಪ್ಪು ಹಾಕಿ ಕಡೆದು ಬೆಣ್ಣೆ ತೆಗೆಯುವವಳು ಅವಳು. ಬೆರಳಿಗೆ ಹತ್ತಿದ ಬೆಣ್ಣೆಯನ್ನು ಮರೆತು ನೆಕ್ಕಿಬಿಟ್ಟೇನೆಂಬ ಅಂಜಿಕೆಗೆ ಕೂಡಲೇ ಬೂದಿಯಲ್ಲಿ ತಿಕ್ಕಿ ತೊಳೆಯುತ್ತಿದ್ದಳು. ನಿದ್ದೆಯಲ್ಲಿ ಮೊಸರನ್ನ ಉಂಡ ಕನಸು ಬಿದ್ದರೆ ಎದ್ದು ಕೂತು ಗಂಡನ ಮೂಗಿನ ಹತ್ತಿರ ಕೈ ಹಿಡಿದು ಉಸಿರು ನೋಡುತ್ತಿದ್ದಳು. ಅವನು ಹೊಲದಿಂದ ತಡವಾಗಿ ಬಂದರೆ, ತಾನು ಎಲ್ಲಾದರೂ ತಿಳಿಯದೆ ಏನಾದರೂ ನುಂಗಿದೆನೇ ಎಂದು ಬೆಳಗಿನಿಂದ ಬಾಯಿಗೆ ಹಾಕಿದ್ದನ್ನೆಲ್ಲ ನೆನೆಯುತ್ತಿದ್ದಳು. ಇಷ್ಟೇ ಆಗಿದ್ದರೆ ಅಂಜಿಕೆಗೊಂದು ಮರ್ಯಾದೆ ಇರುತ್ತಿತ್ತು. ಒಂದು ದಿನ ಸಿದ್ದರಾಯ ಮುದ್ದೇಬಿಹಾಳಕ್ಕೆ ಹೋದವನು ಕತ್ತಲಾದರೂ ಬರಲಿಲ್ಲ. ಒಲೆಯ ಮೇಲೆ ಹಾಲು ಉಕ್ಕಿ ಬರುತ್ತಿತ್ತು. ಅದರ ಕೆನೆಯನ್ನು ನೋಡುತ್ತ ರೇವವ್ವನಿಗೆ, ಅವರು ಇಲ್ಲವಾದ ಮೇಲೆ ಇದನ್ನು ಬೆಲ್ಲದ ಜೊತೆ ತಿನ್ನಬಹುದು, ಅನಿಸಿತು. ಯಾರೋ ಪಕ್ಕದಲ್ಲಿ ಕೂತು ಹೇಳಿದ ಹಾಗೆ, ಅಷ್ಟು ಸಹಜವಾಗಿ. ಮರುಕ್ಷಣ ಎರಡೂ ಕೆನ್ನೆಗೆ ಬಡಿದುಕೊಂಡಳು, ಹಣೆ ಗೋಡೆಗೆ ಬಡಿದುಕೊಂಡಳು. ಸಿದ್ದರಾಯ ಬಂದ, ಉಂಡ, ಮಲಗಿದ. ಆದರೆ ಒಮ್ಮೆ ಬಂದ ಯೋಚನೆಗೆ ಮನೆಯ ದಾರಿ ಗೊತ್ತಾಗಿತ್ತು. ಅದು ಮತ್ತೆ ಮತ್ತೆ ಬಂತು. ಹಾಲು ಬೇಕೆನ್ನುವುದೂ ಗಂಡ ಸಾಯಲಿ ಎನ್ನುವುದೂ ಒಂದೇ ಆಗುವಂತೆ ಅತ್ತೆ ಗಂಟು ಹಾಕಿ ಹೋಗಿದ್ದಳು. ಸಾಯುವ ದಿನವೂ ಹುಚ್ಚವ್ವನ ಬೆನ್ನು ಕೋಲಿನಂತೆ ನೆಟ್ಟಗಿತ್ತು. ಕೊನೆಗೆ ಅವಳು ಕೇಳಿದ್ದು ಹಾಲನ್ನೇ. ಚಮಚದಿಂದ ಬಿಡುತ್ತಿದ್ದವಳು ರೇವವ್ವ. ಓಣಿಯ ಹೆಂಗಸರು ಸೊಸೆಯ ಕಣ್ಣೀರು ಕಂಡು ಕೊಂಡಾಡಿದರು. ಆದರೆ ಅವಳು ಬಾಗಿ ಮುದುಕಿಯ ತುಟಿಗೆ ಕಿವಿ ಕೊಟ್ಟು ಕಾಯುತ್ತಿದ್ದುದು ಒಂದು ಮಾತಿಗೆ: ಸಾಕು, ನಿನ್ನ ಬಾಯಿ ಬಿಟ್ಟೆ. ಆ ಮಾತು ಬರಲಿಲ್ಲ. ಅತ್ತೆಗಾಗಿ ಅತ್ತೆನೋ, ಬಾರದ ಮಾತಿಗಾಗಿ ಅತ್ತೆನೋ ಎಂಬುದು ಅವಳಿಗೆ ಇಂದಿಗೂ ಬಗೆಹರಿದಿಲ್ಲ.

ಇವತ್ತು ಹೊತ್ತೇರಿದ ಮೇಲೆ ಮಜ್ಜಿಗೆಗೆ ಬಂದ ಪಕ್ಕದ ಮನೆಯ ಸಗೀರಾ ಕಡಗೋಲು ಹಿಡಿದ ಅವಳ ಒಂಟಿ ಕೈಯನ್ನು ನೋಡಿ, "ಅತ್ತಾಗ ಸರಿ ಅಕ್ಕಾ" ಎಂದು ತಾನೇ ಕೂತು ಕಡೆಯತೊಡಗಿದಳು. ರೇವವ್ವ ಗೋಡೆಗೆ ಬೆನ್ನು ಕೊಟ್ಟು ಕೂತಳು. ಕೂರುವುದಕ್ಕೂ ಈಗ ಲೆಕ್ಕಾಚಾರ. ಮೊದಲು ಮಂಡಿ, ಆಮೇಲೆ ಅಂಗೈ, ಆಮೇಲೆ ಸೊಂಟ. ಇತ್ತೀಚೆಗೆ ಸೀರೆಯ ನಿರಿಗೆ ನೆಲಕ್ಕೆ ಹತ್ತಿ ಕಾಲಿಗೆ ತೊಡರುತ್ತಿತ್ತು. ಸೀರೆ ಉದ್ದವಾಯಿತೆಂದು ತಿಳಿದಿದ್ದಳು. ಕುಗ್ಗಿದವಳು ತಾನೆಂದು ಡಾಕ್ಟರು ಹೇಳಬೇಕಾಯಿತು.

"ಏನಂದ್ರು ಡಾಕ್ಟರು?" ಸಗೀರಾ ಕೇಳಿದಳು.

"ಹಾಲು ಕುಡಿ ಅಂದ್ರು."

ಕಡಗೋಲು ನಿಂತಿತು. ಹರಕೆಯ ಸಂಗತಿ ಊರಿಗೇ ಗೊತ್ತಿದ್ದದ್ದು, ಸಗೀರಾಗೆ ಬಿಡಿಸಿ ಹೇಳಬೇಕಿರಲಿಲ್ಲ. ಹಗ್ಗ ಮತ್ತೆ ಎಳೆಯುತ್ತ ಅವಳು, "ಮತ್ತ ಅಣ್ಣಾರು ಏನಂದ್ರು?" ಅಂದಳು.

"ಅವರೇನಂತಾರ. ಏನೂ ಅನ್ನಲಿಲ್ಲ."

"ಏನೂ ಅನ್ನಲಿಲ್ಲಾ?"

"ಬಸ್ಸಿನಾಗ ಎಮ್ಮಿ ಸುದ್ದಿ ಮಾತಾಡಿದ್ರು."

ಸಗೀರಾ ಅವಳ ಕಡೆ ತಿರುಗಿ, "ಅಕ್ಕಾ, ನಾ ಒಂದ ಮಾತ ಕೇಳ್ತೇನಿ, ಸಿಟ್ಟಾಗಬ್ಯಾಡ" ಅಂದಳು. "ನೀ ಬಿದ್ದು ಹಾಸಿಗಿ ಹಿಡದ್ರ ನಿನ್ನ ಉಚ್ಚಿ ಬಳಿಯಾವ್ರು ಯಾರು? ನಾಲತವಾಡದಿಂದ ಸಾತವ್ವನ ಕಳಸ್ತಾರೇನು ಅವರ ಮನಿಯವ್ರು? ನಿಮ್ಮತ್ತಿ ಬಾಯಿ ಕಟ್ಟಿದ್ದು ನಿಂದು. ಉಸುರು ಹಿಡದದ್ದು ಅಣ್ಣಾರದು. ಹಂಗಾದ್ರ ಬಿಡಸಾಕ ಅವರೇ ಬೇಕಲ್ಲ. ಅವರಿಗೆ ಕೇಳು. ಕುಡಿ ಅಂದ್ರ ಕುಡಿ."

ಇಷ್ಟು ಸರಳವಾದ ಮಾತು ಇಷ್ಟು ವರ್ಷ ತನಗೆ ಹೊಳೆಯಲಿಲ್ಲವೇ ಎಂದು ರೇವವ್ವ ಬೆರಗಾದಳು. ಹೊಳೆಯದೆ ಏನು. ಹೊಳೆದದ್ದನ್ನು ಅವಳೇ ಒಳಗೆ ತುರುಕಿ ಬಾಗಿಲು ಹಾಕಿದ್ದಳು. ಕೇಳಿದರೆ ಉತ್ತರ ಬರುತ್ತದೆ. ಉತ್ತರ ಬಂದರೆ ಅದರ ಜೊತೆ ಬಾಳಬೇಕಾಗುತ್ತದೆ. ಸಗೀರಾ ಮಜ್ಜಿಗೆ ತೆಗೆದುಕೊಂಡು ಹೋದ ಮೇಲೂ ಅವಳು ಕೂತಲ್ಲೇ ಕೂತಿದ್ದಳು. ಗುಳಿಗೆಯ ಪೊಟ್ಟಣ ಬಿಚ್ಚಿ ಒಂದನ್ನು ಅಂಗೈಯಲ್ಲಿಟ್ಟು ಮೂಸಿದಳು. ಯಾವ ವಾಸನೆಯೂ ಇಲ್ಲ. ಸಿಂಪಿಯದಾದರೆ ಅದಕ್ಕೆ ಕಾಲಿಲ್ಲದೆ ಇದ್ದೀತು. ಎಲುಬಿನ ಪುಡಿಯಾದರೆ ಖಂಡಿತ ಕಾಲಿದ್ದ ಪ್ರಾಣಿಯದು. ತಿರುಗಿ ಪೊಟ್ಟಣಕ್ಕೆ ಹಾಕಿದಳು. ಮಧ್ಯಾಹ್ನ ಒಮ್ಮೆ ಸೀನು ಬಂದಂತಾಗಿ, ಮೊದಲು ಎರಡೂ ಕೈಯಿಂದ ಪಕ್ಕೆಲುಬು ಒತ್ತಿ ಹಿಡಿದುಕೊಂಡಳು. ಸೀನು ಬರಲಿಲ್ಲ. ಹಿಡಿದ ಕೈ ಬಿಡಲು ಅವಳಿಗೆ ಬಹಳ ಹೊತ್ತು ಹಿಡಿಯಿತು. ಹೀಗೆ ತನ್ನನ್ನೇ ತಾನು ಹಿಡಿದುಕೊಂಡು ಇನ್ನೆಷ್ಟು ವರ್ಷ ಇರಬೇಕು? ಅವರಿರುವತನಕ. ಅವರು ಗಟ್ಟಿಮುಟ್ಟಾಗಿದ್ದಾರೆ, ದಿನಾ ಹಾಲು ಕುಡಿಯುತ್ತಾರೆ. ಛೀ, ಮತ್ತೆ ಅದೇ ಯೋಚನೆ. ಈ ಸಲ ಕೆನ್ನೆಗೆ ಬಡಿದುಕೊಳ್ಳಲಿಲ್ಲ. ಬಡಿದುಕೊಂಡರೆ ದವಡೆಗೆ ಏನಾದೀತೋ ಎಂದು ಹೆದರಿದಳು.

ದೀಪ ಹಚ್ಚುವ ಹೊತ್ತಿಗೆ ಸಿದ್ದರಾಯ ಹೊಲದಿಂದ ಬಂದು ಕೈಕಾಲು ತೊಳೆದು ಪಡಸಾಲೆಯ ಕಂಬಕ್ಕೆ ಒರಗಿ ಕೂತ. ಈ ಹೊತ್ತಿಗೆ ಅವನಿಗೊಂದು ದೊಡ್ಡ ಲೋಟದಲ್ಲಿ ಬೆಲ್ಲ ಹಾಕಿದ ಬಿಸಿ ಹಾಲು. ರೇವವ್ವ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ತಂದಳು. ತಂದು ಕೊಡಲಿಲ್ಲ. ಅವನೆದುರು ನಿಂತಳು. ಬಿಸಿ ಅಂಗೈಗೆ ಚುರುಗುಟ್ಟುತ್ತಿತ್ತು.

"ಡಾಕ್ಟರು ಹೇಳಿದ್ದು ಕೇಳಿದ್ರಲ್ಲ" ಅಂದಳು.

"ಹೂಂ."

"ಹಾಲು ಕುಡೀಬೇಕಂತ."

"ಗುಳಿಗಿ ಕೊಟ್ಟಾರಲ್ಲ."

"ಗುಳಿಗಿ ಅಷ್ಟಕ್ಕ ಆಗೂದಿಲ್ಲಂತ."

ಅವನು ಹೆಗಲ ಮೇಲಿನ ಟವೆಲ್ಲು ತೆಗೆದು ಮಡಚಿದ, ಬಿಚ್ಚಿದ, ಮತ್ತೆ ಮಡಚಿದ. ಇಷ್ಟು ವರ್ಷದಲ್ಲಿ ಅವಳು ಅವನಿಂದ ಏನನ್ನೂ ಬೇಡಿದವಳಲ್ಲ. "ಕುಡೀಲೇನ್ರಿ?" ಎಂದು ಕೇಳಿದಳು.

"ನಾ ಬ್ಯಾಡ ಅಂದೇನೇನು?"

"ಹಂಗಾದ್ರ ಕುಡಿ ಅನ್ರಿ. ನಿಮ್ಮ ಬಾಯಿಲೆ ಒಮ್ಮಿ ಕುಡಿ ಅನ್ರಿ, ಸಾಕು."

ಸಿದ್ದರಾಯನ ತುಟಿ ಅಲುಗಿತು. ಕಣ್ಣು ಜಗುಲಿಯ ಮೇಲಿನ ದೇವರ ಕಡೆ ಹೋಗಿ, ಅಲ್ಲಿ ನಿಲ್ಲಲಾರದೆ ನೆಲಕ್ಕಿಳಿಯಿತು. "ಅವ್ವ ಇದ್ದಿದ್ರ ಕೇಳಬಹುದಿತ್ತು" ಅಂದ. ಆಮೇಲೆ ತಟ್ಟನೆ ಕೈ ಚಾಚಿ, "ಆರಿ ಹೊಂಟೈತಿ, ತಾ ಇಲ್ಲಿ" ಎಂದು ಅವಳ ಕೈಯಿಂದ ಲೋಟ ಕಿತ್ತುಕೊಂಡು ಬಾಯಿಗಿಟ್ಟ. ನಿಲ್ಲಿಸದೆ ಕುಡಿದ. ಗಂಟಲ ಗಂಟು ಮೇಲೆ ಕೆಳಗೆ ಆಡುತ್ತಿದ್ದುದನ್ನು ಅವಳು ನೋಡುತ್ತ ನಿಂತಳು. ಕೊನೆಯ ಗುಟುಕು ಮುಗಿದ ಮೇಲೂ, ಎಲ್ಲಿ ಒಂದು ಹನಿ ಉಳಿದೀತೋ ಎಂಬಂತೆ ಲೋಟವನ್ನು ಬೋರಲು ಮಾಡಿ ನಾಲಗೆಗೆ ತಟ್ಟಿಕೊಂಡ. ಅವಳ ಮುಖ ನೋಡದೆ ಲೋಟ ತಿರುಗಿ ಕೊಟ್ಟ.

ಮೊದಲು ಅವಳಿಗೆ ಆದದ್ದು ನಿರಾಳ. ಕುಡಿಯುವುದು ತಪ್ಪಿತು, ಪಾಪ ತಪ್ಪಿತು ಎಂಬಂಥ ನಿರಾಳ. ಅದು ಹೊಟ್ಟೆಯೊಳಗೆ ಇಳಿಯುವ ಮೊದಲೇ ಇನ್ನೊಂದು ಮೇಲೆ ಬಂತು. ಈ ಅಂಜಿಕೆ ತನ್ನೊಬ್ಬಳದೆಂದು ತಿಳಿದಿದ್ದಳಲ್ಲ, ಅವನದೂ ಇತ್ತು. ಅವಳು ನಿದ್ದೆಗಣ್ಣಲ್ಲಿ ಅವನ ಉಸಿರು ನೋಡುತ್ತಿದ್ದಾಗ ಅವನು ಎಚ್ಚರವೇ ಇದ್ದಿರಬೇಕು. ಅವಳು ಬೆರಳು ತೊಳೆಯುವುದನ್ನು, ಅವಳ ತಟ್ಟೆಯಲ್ಲಿ ಏನಿದೆಯೆಂಬುದನ್ನು ಅವನು ದಿನಾ ನೋಡುತ್ತಿದ್ದಿರಬೇಕು. ಡಾಕ್ಟರ ಮುಂದೆ ಎಲ್ಲಾ ತಿಂತಾಳ್ರಿ ಎಂದದ್ದೂ ನಾಚಿಕೆಗಲ್ಲ, ಡಾಕ್ಟರು ಹರಕೆ ಬಿಡು ಅಂದಾರೆಂಬ ಭಯಕ್ಕೆ. ಅವಳ ಬೆನ್ನು ಬಾಗುತ್ತ ಬಂದದ್ದು ಅವನಿಗೆ ಕಾಣದೆ ಇರಲಿಲ್ಲ. ಕಂಡೂ ಅವನು ಲೋಟ ಕಸಿದುಕೊಂಡ. ಅವನ ಮೇಲೆ ಸಿಟ್ಟು ಬರಲೆಂದು ಅವಳು ಕಾದಳು. ಬಂದದ್ದು ಕನಿಕರ. ಆ ಕನಿಕರದ ಕೆಳಗೆ, ಗಟ್ಟಿಯಾಗಿ, ತಣ್ಣಗೆ, ಇನ್ನೇನೋ. ಅದಕ್ಕೆ ಹೆಸರಿಡಲು ಅವಳಿಗೆ ಧೈರ್ಯವಾಗಲಿಲ್ಲ.

ಅಡಿಗೆಮನೆಗೆ ಬಂದಳು. ಒಲೆಯ ಬದಿಗೆ ಹಾಲಿನ ಪಾತ್ರೆ, ಮೇಲೆ ದಪ್ಪ ಕೆನೆ. ಸೌಟಿನಿಂದ ಕೆನೆ ಸರಿಸಿ ಅದ್ದಿ ಎತ್ತಿದಳು. ಸೌಟು ಪಾತ್ರೆಯ ಅಂಚಿಗೆ ಬಡಿದು ಸದ್ದಾಯಿತು. ತಪ್ಪಾಯಿತಪ್ಪಾ ಎಂದು ದೇವರಿಗೆ ಅನ್ನಬೇಕೆಂದುಕೊಂಡಳು, ಅನ್ನಲಿಲ್ಲ. ಬಾಯಿಗೆ ಸುರಿದುಕೊಂಡಳು. ಇಷ್ಟು ವರ್ಷ ಕನಸಿನಲ್ಲಿ ಉಂಡ ರುಚಿ ಅದಾಗಿರಲಿಲ್ಲ. ಸಪ್ಪೆ, ಹೊಗೆಯ ವಾಸನೆ, ನಾಲಗೆಗೆ ಅಂಟುವ ಜಿಡ್ಡು. ಆದರೂ ಬಾಯಿಯ ಮೂಲೆಮೂಲೆ ಅದನ್ನು ಗುರುತಿಸಿ ಹಿಡಿದುಕೊಂಡಿತು. ನುಂಗಲು ಗಂಟಲು ಒಪ್ಪಲಿಲ್ಲ, ಉಗುಳಲು ಮನಸ್ಸು ಒಪ್ಪಲಿಲ್ಲ. ಹಾಗೆಯೇ ಕೆನ್ನೆ ಉಬ್ಬಿಸಿಕೊಂಡು ನಿಂತಿದ್ದಾಗ ಪಡಸಾಲೆಯಲ್ಲಿ ಸಿದ್ದರಾಯ ಕೆಮ್ಮಿದ.

ಒಮ್ಮೆ. ಆಮೇಲೆ ಉದ್ದಕ್ಕೆ, ಎದೆಯಿಂದ ಕಿತ್ತು ಬಂದಂತೆ ಇನ್ನೊಮ್ಮೆ. "ಏ, ನೀರು ತಾ" ಎಂದು ಕೂಗಿದ. ಅವಳ ಬಾಯಿ ತುಂಬ ಹಾಲಿತ್ತು, ಓಗೊಡುವ ಹಾಗಿರಲಿಲ್ಲ. "ಏ, ಕೇಳಸಾಕತ್ತಿಲ್ಲೇನ?" ಅವನ ದನಿ ಈಗ ಬೇರೆಯಾಗಿತ್ತು. ಒಳಗೆ ಅವಳು ಏಕೆ ಮಾತಾಡುತ್ತಿಲ್ಲವೆಂಬುದು ಅವನಿಗೆ ತಿಳಿದುಹೋದ ಹಾಗಿತ್ತು. ಉತ್ತರ ಕೊಡಬೇಕಾದರೆ ಬಾಯಿ ಖಾಲಿಯಾಗಬೇಕು.

ನುಂಗಿದಳು.

"ಬಂದೆನ್ರಿ" ಅಂದಳು. ಪಡಸಾಲೆಯಿಂದ ಉತ್ತರ ಬರಲಿಲ್ಲ. ಕೆಮ್ಮೂ ಬರಲಿಲ್ಲ. ನೀರಿನ ತಂಬಿಗೆಯ ಕಡೆ ಎಡಗೈ ಚಾಚಿ, ಇನ್ನೊಮ್ಮೆ ಕೆಮ್ಮಲಿ, ಒಂದೇ ಒಂದು ಸಲ ಕೆಮ್ಮಲಿ ಎಂದು ಉಸಿರು ಬಿಗಿಹಿಡಿದು ಕಿವಿಗೊಟ್ಟು ನಿಂತಳು. ಸೌಟು ಹಿಡಿದ ಕೈ ಮಾತ್ರ ಮತ್ತೆ ಪಾತ್ರೆಯೊಳಗೆ ಇಳಿದಿತ್ತು.